ಆರನೆಯ ಬಾಟಲಿ

ನೂಲಾ ಬಾಟಲಿಯನ್ನು ಊಟದ ಮೇಜಿನ ಮೇಲಿಟ್ಟು, ಕೋಟು ಬಿಚ್ಚದೆಯೇ ಕೂತಳು.

"ಕಾರಿನ ಡಿಕ್ಕಿಯಲ್ಲೇ ಉಳಿದುಬಿಟ್ಟಿತ್ತು. ಜೂನ್‌ನಲ್ಲಿ ತಂದಿದ್ದು. ನಿನ್ನ ಹೆಸರು ಬರೆದಿಟ್ಟಿದ್ದಾನೆ ನೋಡು."

ಬಾಟಲಿಯ ಕುತ್ತಿಗೆಗೆ ಕಟ್ಟಿದ ಚೀಟಿಯಲ್ಲಿ ಡೆಸ್‌ನ ದಪ್ಪ ಅಕ್ಷರ: ಪ್ರಸಾದ್. ಐರ್ಲೆಂಡಿನ ಲೀಕ್ಸ್‌ಲಿಪ್‌ನ ಈ ಸಾಲುಮನೆಗೆ ಕೃಷ್ಣಪ್ರಸಾದ ಬಂದ ಆರು ವರ್ಷಗಳಿಂದ ಡೆಸ್ ಮತ್ತು ನೂಲಾ ದಂಪತಿ ಪಕ್ಕದ ಮನೆಯವರು. ಡೆಸ್ ಸತ್ತು ಇಂದಿಗೆ ಒಂದು ತಿಂಗಳು. ಚರ್ಚಿನಲ್ಲಿ ತಿಂಗಳ ಪ್ರಾರ್ಥನೆ ಈಗಷ್ಟೇ ಮುಗಿದಿತ್ತು. ಅವನ ಹೆಂಡತಿ ರತ್ನಾ ಅದನ್ನು ಮಾಸಿಕ ಎಂದೇ ಕರೆದು, ಹೋಗುವ ಮುಂಚೆ ತಲೆಗೆ ನೀರು ಹಾಕಿಕೊಂಡಿದ್ದಳು.

"ತೆಗಿ ಪ್ರಸಾದ್. ಒಂದು ಗುಟುಕು ಕುಡಿದು, ಅವನಿಗೆ ಹೇಳ್ತಿದ್ದೆಯಲ್ಲ, ಹಾಗೇ ನಂಗೂ ಹೇಳು."

ಡೆಸ್ ಕುಡಿತ ಬಿಟ್ಟು ಇಪ್ಪತ್ತೆರಡು ವರ್ಷವಾಗಿತ್ತು. ಹರೆಯದಲ್ಲಿ ಫ್ರಾನ್ಸಿನ ಯಾವುದೋ ತೋಟಕ್ಕೆ ದ್ರಾಕ್ಷಿ ಕೊಯ್ಯಲು ಹೋದಾಗ ಪಿನೋ ಎಂಬ ಈ ಸಿಹಿಮದ್ಯ ಕುಡಿದಿದ್ದನಂತೆ. ಹಿಂಡಿದ ರಸ ವೈನಾಗುವ ಮೊದಲೇ ಬ್ರಾಂದಿ ಸುರಿದು ತಡೆದುಬಿಡುತ್ತಾರೆ. ಹಣ್ಣಿನ ಸಿಹಿ ಹಾಗೇ ಉಳಿಯುತ್ತದೆ. ಪ್ರತಿ ಬೇಸಿಗೆ ಹಡಗು ಹತ್ತಿ ಅಲ್ಲಿಗೆ ಹೋಗಿ, ಒಂದೇ ಒಂದು ಬಾಟಲಿ ತಂದು ಬೇಲಿಯ ಮೇಲಿಂದ ಕೊಡುತ್ತಿದ್ದ. "ನಾನು ಮುಟ್ಟೋ ಹಾಗಿಲ್ಲ. ನೀನು ಕುಡಿದು ಹೇಗಿದೆ ಅಂತ ಹೇಳು, ಸಾಕು."

ತಾನು ಹುಟ್ಟಿದಾಗಿನಿಂದ ಕುಡಿದವನಲ್ಲ ಎನ್ನಲು ಮೊದಲ ವರ್ಷ ಕೃಷ್ಣಪ್ರಸಾದನಿಗೆ ಸಂಕೋಚವಾಯಿತು. ಮರುದಿನ ಬೇಲಿಯ ಆಚೆ ಡೆಸ್ ಕಣ್ಣು ಮುಚ್ಚಿ ನಿಂತಿದ್ದ. ದೊಡ್ಡಬಳ್ಳಾಪುರದ ಸೋದರಮಾವನ ತೋಟದ ಕಪ್ಪು ದ್ರಾಕ್ಷಿ ಇವನಿಗೆ ನೆನಪಾಯಿತು. ಮೊದಲು ಸಿಹಿ, ಆಮೇಲೆ ಸಿಪ್ಪೆಯ ಒಗರು ಎಂದ. ಗಂಟಲಿನ ಬಿಸಿಗೆ ಶುಂಠಿ ಕಷಾಯವನ್ನು ಸೇರಿಸಿದ. "ಅದೇ! ಅದೇ ಅದು!" ಎಂದು ಡೆಸ್ ಬೇಲಿಯನ್ನು ಗುದ್ದಿದ್ದ. ಮುಂದಿನ ವರ್ಷಗಳಲ್ಲಿ ಆ ವರ್ಣನೆಗೆ ಆಲೆಮನೆಯ ಬಿಸಿ ಬೆಲ್ಲವೂ ಬಂತು.

"ಮನೆಗೆ ಬಂದು ಒಂದಕ್ಷರ ಬಿಡದೆ ನಂಗೆ ಒಪ್ಪಿಸ್ತಿದ್ದ," ಎಂದಳು ನೂಲಾ. "ಇದನ್ನ ಕೇಳಿಯೇ ಮತ್ತೆ ಶುರು ಮಾಡ್ತಾನೇನೋ ಅಂತ ನಂಗೆ ಹೆದರಿಕೆ. ಇಲ್ಲ. ಅಷ್ಟಕ್ಕೇ ತೃಪ್ತಿ. ಅಷ್ಟು ವರ್ಷದಲ್ಲಿ ಅವನು ಕುಡಿದಿದ್ದು ನಿನ್ನ ಮಾತು ಮಾತ್ರ."

ಲೋಟ ತಂದಿಟ್ಟ ರತ್ನಾ ಕನ್ನಡದಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು, "ರೀ, ಮೂಸಿ ನೋಡಿ ಏನೋ ಒಂದು ಹೇಳ್ಬಿಡಿ. ಪಾಪ, ಮಾಸಿಕದ ದಿನ."

"ಐದು ಸಲ ಹೇಳಿದ್ದು ಸಾಲ್ದಾ?"

"ಆವಾಗ ಇಲ್ದಿರೋ ನಾಚಿಕೆ ಈಗ ಬಂತಾ ನಿಮಗೆ?"

ಬಿರಡೆ ತೆಗೆದು ಎರಡು ಬೆರಳಿನಷ್ಟು ಸುರಿದ. ಕಾಯಿಸಿದ ತುಪ್ಪದ ಬಣ್ಣ. ಮೂಗಿಗೆ ಹಿಡಿದ. ಮಾವನ ತೋಟದ ವಾಸನೆ ಅದರಲ್ಲಿ ಇರಲಿಲ್ಲ. ತಲೆಯೆತ್ತಿ ನೋಡಿದರೆ ನೂಲಾ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಆಗಲೇ ಕಣ್ಣು ಮುಚ್ಚಿದ್ದಳು.

ಅವನು ಲೋಟ ಕೆಳಗಿಟ್ಟ.

"ನೂಲಾ, ನಾನು ಇದನ್ನ ಯಾವತ್ತೂ ಕುಡಿದೇ ಇಲ್ಲ."

ಎದ್ದು ಹೋಗಿ ಹಾಟ್ ಪ್ರೆಸ್‌ನ ಬಾಗಿಲು ತೆರೆದ. ಬಿಸಿನೀರಿನ ಟ್ಯಾಂಕ್ ಇರುವ, ಟವೆಲುಗಳನ್ನು ಬೆಚ್ಚಗಿಡುವ ಕಪಾಟು ಅದು. ಈ ಚಳಿಯ ದೇಶದಲ್ಲಿ ದೋಸೆಹಿಟ್ಟು ಹುಳಿ ಬರುವ ಜಾಗವೂ ಅದೊಂದೇ. ರತ್ನಾ ರಾತ್ರಿ ಇಟ್ಟಿದ್ದ ಪಾತ್ರೆಯ ಹಿಂದೆ ಐದು ಬಾಟಲಿಗಳು ಸಾಲಾಗಿ ನಿಂತಿದ್ದವು. ಕುಡಿಯಲಾಗದೆ, ಚೆಲ್ಲಲೂ ಮನಸ್ಸು ಬಾರದೆ ಇಟ್ಟವು.

ನೂಲಾ ಎದ್ದು ಬಂದು ಒಂದೊಂದೇ ಚೀಟಿಯನ್ನು ತಿರುವಿ ನೋಡಿದಳು.

"ಇಲ್ಲಿಟ್ರೆ ಬಿಸಿಗೆ ಹಾಳಾಗಲ್ವಾ?" ಎಂದಳು. ಕೊನೆಯ ಚೀಟಿಯನ್ನು ಕೈಬಿಟ್ಟು, "ಹಾಗಾದ್ರೆ ಅವನಿಗೆ ಹೇಳಿದ್ದೆಲ್ಲ?"

"ನಮ್ಮ ಮಾವನ ತೋಟದ್ದು. ಚಿಕ್ಕವನಿದ್ದಾಗ ತಿಂದಿದ್ದು. ಅದ್ರಲ್ಲಿ ಮಾತ್ರ ಸುಳ್ಳು ಹೇಳ್ಲಿಲ್ಲ."

"ಆ ತೋಟ ಈಗಲೂ ಇದೆಯಾ?"

"ಇಲ್ಲ. ಲೇಔಟ್ ಆಯ್ತು."

"ಗ್ರ್ಯಾಂಡ್," ಎಂದಳು ನೂಲಾ. ಅದು ಸರಿ ಎಂದೋ, ಇನ್ನು ಸಾಕು ಎಂದೋ, ಆರು ವರ್ಷವಾದರೂ ಅವನಿಗೆ ತಿಳಿಯುತ್ತಿರಲಿಲ್ಲ. ಆಕೆ ಹೊರಟೇಬಿಡುತ್ತಾಳೆ ಎಂದುಕೊಂಡು ರತ್ನಾ ಬಾಗಿಲ ಕಡೆ ಸರಿದಳು.

ನೂಲಾ ಮೇಜಿಗೆ ಮರಳಿ, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಲೋಟವನ್ನು ತನ್ನ ಕಡೆ ಎಳೆದುಕೊಂಡಳು.

"ಅವನ ಜೊತೆ ನಾನೂ ಬಿಟ್ಟಿದ್ದೆ," ಎಂದಳು. "ಕೂತ್ಕೋ. ಕಣ್ಣು ಮುಚ್ಚು. ನಾನು ಹೇಳ್ತೀನಿ."

ಕೃಷ್ಣಪ್ರಸಾದ ಕೂತು ಕಣ್ಣು ಮುಚ್ಚಿದ. ನೂಲಾ ಒಂದು ಗುಟುಕು ಕುಡಿದು ಲೋಟವನ್ನು ಮೇಜಿಗಿಟ್ಟ ಸದ್ದು ಕೇಳಿಸಿತು. ಕಪಾಟಿನ ಬಾಗಿಲನ್ನು ಯಾರೂ ಮುಚ್ಚಿರಲಿಲ್ಲ. ಉಬ್ಬಿದ ಹಿಟ್ಟಿನ ಹುಳಿ ವಾಸನೆ ಬಿಸಿಯೊಂದಿಗೆ ಅವನ ಬೆನ್ನ ಹಿಂದಿನಿಂದ ಬರುತ್ತಿತ್ತು. ನೂಲಾ ಏನೋ ಹೇಳಲು ಉಸಿರೆಳೆದುಕೊಂಡಳು. ಲೋಟ ಮತ್ತೆ ಮೇಜಿನಿಂದ ಎದ್ದಿತು.