ದಾನಮ್ಮನ ಪಂಚಮಿ ಮತ್ತು ಆಫೀಸಿನ ಫೈಲುಗಳು

ಕಂಪ್ಯೂಟರ್ ವಿಷಯ ಚೆನ್ನಾಗಿ ಬಲ್ಲವರು ಹೇಳಬೇಕಾಗಿದ್ದ ಕಥೆ ಇದು. ಸಂಜೆ ತರಗತಿಯಲ್ಲಿ ಕಲಿತಷ್ಟನ್ನೇ ನಂಬಿ ಹೇಳಲು ಹೊರಟಿದ್ದಕ್ಕೆ ಕ್ಷಮೆ ಇರಲಿ. ತಪ್ಪಿದ್ದರೆ ತಿದ್ದಿ. ಆದರೆ ದಾನಮ್ಮನ ಸಂಗತಿಯನ್ನು ಮಾತ್ರ ಪೂರ್ತಿ ಕೇಳಿ.

ಎರಡು ಸಾವಿರದ ಒಂಬತ್ತನೇ ಇಸವಿ. ರಾಜಾಜಿನಗರದ ಒಂದು ಮಹಡಿಯ ಮೇಲೆ ದೇವೇಂದ್ರಪ್ಪನವರ ಲೇಬಲ್ ಆಫೀಸು. ಉಪ್ಪಿನಕಾಯಿ ಬಾಟಲಿ, ಊದುಬತ್ತಿ ಪೊಟ್ಟಣ, ಚಕ್ಕುಲಿ ಕವರುಗಳ ಲೇಬಲ್ಲನ್ನು ಕಂಪ್ಯೂಟರಿನಲ್ಲಿ ತಯಾರಿಸಿ ಪ್ರೆಸ್ಸಿಗೆ ಕಳಿಸುವ ಕೆಲಸ. ಅಲ್ಲಿ ಇದ್ದವರು ಮೂವರೇ: ದೇವೇಂದ್ರಪ್ಪ, ಹೊಸದಾಗಿ ಸೇರಿದ ಮೇಧಾ, ಏಳು ವರ್ಷದಿಂದ ಲಗ್ಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ದಾನಮ್ಮ.

ದಾನಮ್ಮನ ತವರು ಇಳಕಲ್ ಹತ್ತಿರದ ಹಳ್ಳಿ. ಆ ಕಡೆಯ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ತವರಿನ ಹಬ್ಬ. ಅಣ್ಣ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾನೆ, ಅವ್ವ ಎಳ್ಳು, ಶೇಂಗಾದ ಉಂಡಿ ಕಟ್ಟುತ್ತಾಳೆ. ದಾನಮ್ಮ ಆ ಜೋಕಾಲಿಯ ಹಗ್ಗ ಹಿಡಿದು ನಾಲ್ಕು ವರ್ಷವಾಗಿತ್ತು. ಶ್ರಾವಣ ಹತ್ತಿರವಾಯಿತೆಂದರೆ ಸಿಟಿ ಬಸ್ಸಿನಲ್ಲಿ ಕೂತ ಅವಳ ಕಾಲು ತಾನಾಗಿಯೇ ನೆಲ ಮೀಟುತ್ತಿತ್ತು.

ಹೋಗಲು ಅಡ್ಡಿ ಏನು? ಫೈಲುಗಳು. ಆಫೀಸಿನ ಲೇಬಲ್ಲುಗಳೆಲ್ಲ ಅವಳೊಬ್ಬಳ ಕಂಪ್ಯೂಟರಿನಲ್ಲಿದ್ದವು. ಅವುಗಳಿಗೆ ಸರಕಿನ ಹೆಸರು ಇರಲಿಲ್ಲ. 'ಸಾರ್ ಅರ್ಜೆಂಟ್', 'ಸಾರ್ ಅರ್ಜೆಂಟ್ ಹೊಸದು', 'ಇದೇ ಕೊನೆ', 'ಇದೇ ಕೊನೆ ಎರಡು' ಎಂದಿರುತ್ತಿತ್ತು. ಅವಳಿಗೆ ಮಾತ್ರ ಎಲ್ಲವೂ ನೆನಪು.

ಹಿಂದಿನ ವರ್ಷ ಹೇಗೋ ಹೊರಟಿದ್ದಳು. ಬಸ್ಸು ಚಿತ್ರದುರ್ಗ ತಲುಪುವಷ್ಟರಲ್ಲಿ ಮೊಬೈಲು ಬಡಿದುಕೊಂಡಿತು.

"ದಾನಮ್ಮ, ಮಾವಿನಕಾಯಿ ಲೇಬಲ್ ಎಲ್ಲಮ್ಮಾ? ಪ್ರೆಸ್ಸಿನೋನು ಎದುರಿಗೇ ಕೂತಿದಾನೆ."

"'ಇದೇ ಕೊನೆ' ಒಳಗ ಐತ್ರಿ ಸಾರ್."

"'ಇದೇ ಕೊನೆ' ಅಂತ ಐದು ಇದೆಯಲ್ಲಮ್ಮಾ! ಯಾವುದು ಕೊನೆ?"

ಅರ್ಧ ಗಂಟೆ ಹೇಳಿದರೂ ಸಿಗಲಿಲ್ಲ. ದಾನಮ್ಮ ಅಲ್ಲೇ ಇಳಿದು ಬೆಂಗಳೂರಿನ ಬಸ್ಸು ಹತ್ತಿದಳು. ಎರಡು ದಿನ ಬಿಟ್ಟು ಅವ್ವ ಕಂಡಕ್ಟರ್ ಕೈಯಲ್ಲಿ ಉಂಡಿಯ ಡಬ್ಬಿ ಕಳಿಸಿದಳು. ಅದರ ಮುಚ್ಚಳ ತೆಗೆಯಲು ದಾನಮ್ಮನಿಗೆ ಎರಡು ದಿನ ಮನಸ್ಸಾಗಲಿಲ್ಲ.

ಈ ಸಲ ಇದನ್ನೆಲ್ಲ ಕೇಳಿದ ಮೇಧಾ ಬಿಡಲಿಲ್ಲ.

"ದಾನಕ್ಕಾ, ಇಂಟರ್ನೆಟ್ಟಲ್ಲಿ ಆಫೀಸ್ ಹೆಸರಲ್ಲೇ ಒಂದು ಡ್ರೈವ್, ಅಂದ್ರೆ ಫೈಲು ಇಡೋ ಜಾಗ, ತೆಗೆಯೋಣ. ನಿಮ್ಮದೂ ಅಲ್ಲ, ನಂದೂ ಅಲ್ಲ, ಆಫೀಸಿಂದು. ಎಲ್ಲರೂ ಅವರವರ ಕಂಪ್ಯೂಟರಿಂದಲೇ ನೋಡ್ಬೋದು. ನಾಳೆ ನಾನು ಕೆಲಸ ಬಿಟ್ರೂ ಫೈಲು ನನ್ನ ಜೊತೆ ಬರಲ್ಲ."

ದೇವೇಂದ್ರಪ್ಪ ಕನ್ನಡಕ ಏರಿಸಿದರು. "ನಮ್ಮ ಲೇಬಲ್ನೆಲ್ಲ ಊರೋರೆಲ್ಲ ನೋಡ್ಲಿ ಅಂತಾನಾ?"

"ಇಲ್ಲ ಸಾರ್. ನಾವು ಯಾರಿಗೆ ಪರ್ಮಿಶನ್ ಕೊಡ್ತೀವೋ ಅವರಿಗಷ್ಟೇ. ಪ್ರೆಸ್ಸಿನೋರಿಗೆ ನೋಡೋಕೆ ಮಾತ್ರ ಬಿಡೋಣ, ತಿದ್ದೋಕೆ ನಾವು ಮೂರೇ ಜನ. ಪಾಸ್‌ವರ್ಡು ಗೋಡೆ ಮೇಲೆ ಅಂಟಿಸದಿದ್ರೆ ಸಾಕು."

ದೇವೇಂದ್ರಪ್ಪ ಮೆಲ್ಲಗೆ ಎದ್ದು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

ದಾನಮ್ಮನ ಭಯ ಬೇರೆ ಇತ್ತು. ಊಟದ ಹೊತ್ತಿಗೆ ಅದು ಬಾಯಿಗೆ ಬಂತು.

"ಎಲ್ಲಾ ಅಲ್ಲಿ ಇಟ್ಟಮ್ಯಾಲ ನಾ ಯಾಕ ಬೇಕವಾ ಇವರಿಗೆ?"

ಮೇಧಾ ತುತ್ತು ಕೆಳಗಿಟ್ಟಳು. "ಅಕ್ಕಾ, ನಿಮ್ಮವ್ವನ ಅಡುಗೆಮನೇಲಿ ಉಪ್ಪು ಎಲ್ಲಿದೆ?"

"ಒಲಿ ಬಲಕ್ಕ, ಗೂಡಿನ್ಯಾಗ. ಕಣ್ಣು ಮುಚ್ಚಿ ತಗೀತೀನಿ."

"ನಾಲ್ಕು ವರ್ಷ ಆದ್ರೂ?"

"ನಲವತ್ತಾದ್ರೂ."

"ಉಪ್ಪಿಗೆ ಜಾಗ ಇದೆ, ಅದಕ್ಕೆ ಯಾರು ಹೋದ್ರೂ ಸಿಗುತ್ತೆ. ಹಾಗಂತ ಯಾರು ಬೇಕಾದ್ರೂ ನಿಮ್ಮವ್ವನ ಥರ ಸಾರು ಮಾಡ್ತಾರಾ? ಉಪ್ಪಿನಕಾಯಿಯೋರು ಕೆಂಪು ಅಂದ್ರೆ ಯಾವ ಕೆಂಪು ಅಂತ ಡ್ರೈವ್‌ಗೇನು ಗೊತ್ತು? ನಿಮಗೆ ಗೊತ್ತು."

ದಾನಮ್ಮ ಕೈ ತೊಳೆದು ಬಂದು, "ಎಲ್ಲಿಂದ ಶುರು ಮಾಡೂಣು?" ಎಂದಳು.

ಒಂದು ವಾರ ಹಿಡಿಯಿತು. ಮೊದಲು ಗಿರಾಕಿಗೊಂದು ಫೋಲ್ಡರು, ಅದರೊಳಗೆ ಸರಕಿಗೊಂದು, ಅದರೊಳಗೆ ವರ್ಷ. ಫೈಲಿನ ಹೆಸರಿನಲ್ಲಿ ಸರಕು ಮತ್ತು ತಾರೀಖು. 'ಅರ್ಜೆಂಟ್', 'ಕೊನೆ' ಎಂಬ ಪದಗಳಿಗೆ ಮೇಧಾ ನಿಷೇಧ ಹಾಕಿದಳು. ಯಾರಾದರೂ ತಪ್ಪಿ ಕೆಡಿಸಿದರೆ ಹಿಂದಿನ ಪ್ರತಿಯನ್ನು ವಾಪಸು ತರುವುದನ್ನೂ ತೋರಿಸಿದಳು. ಇಂಟರ್ನೆಟ್ ನಿಧಾನ, ನಡುವೆ ಕರೆಂಟು ಬೇರೆ ಹೋಗುತ್ತಿತ್ತು. 'ಇದೇ ಕೊನೆ'ಗಳನ್ನು ಒಂದೊಂದೇ ತೆರೆದು ಹೆಸರಿಡುವಾಗ ಯಾವುದು ನಿಜವಾದ ಕೊನೆಯೆಂದು ಎರಡು ಕಡೆ ದಾನಮ್ಮನಿಗೇ ತಿಳಿಯಲಿಲ್ಲ. ಅವಳು ನಾಚಿಕೊಂಡು ನಕ್ಕಳು.

ಶನಿವಾರ ಪರೀಕ್ಷೆ. "ಸಾರ್, ಹೋದ ದೀಪಾವಳಿಯ ಚಕ್ಕುಲಿ ಲೇಬಲ್ ನೀವೇ ಹುಡುಕಿ. ದಾನಕ್ಕ ಬಾಯಿ ಬಿಡಂಗಿಲ್ಲ."

ದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೇವೇಂದ್ರಪ್ಪ ಒಂದೊಂದೇ ಫೋಲ್ಡರು ಒತ್ತಿದರು. ಮೂರನೆಯದರಲ್ಲಿ ಚಕ್ಕುಲಿ ಕಂಡಿತು.

"ಅಯ್ಯೋ, ಇಲ್ಲೇ ಇದೆ ಕಣಮ್ಮಾ!" ಎಂದು ಕೂಗಿದರು. ಆಮೇಲೆ ದಾನಮ್ಮನ ಕಡೆ ನೋಡದೆಯೇ, "ಊರಿಗೆ ಹೋಗಿ ಬಾರಮ್ಮಾ. ನಾಲ್ಕು ದಿನ ಇದ್ದು ಬಾ" ಎಂದರು.

ಆ ವರ್ಷ ಬಸ್ಸು ಚಿತ್ರದುರ್ಗ ದಾಟಿತು, ಹೊಸಪೇಟೆಯನ್ನೂ ದಾಟಿತು. ಬೇವಿನ ಮರದ ಕೆಳಗೆ ಅಣ್ಣ ಶಿವಯೋಗಿ ಹೊಸ ಹಗ್ಗ ಹಿಡಿದು ನಿಂತಿದ್ದ. "ಬಂದ್ಯಾ ತಂಗಿ? ಈ ಸಲನೂ ದುರ್ಗದಾಗ ಇಳೀತಿ ಅಂತ ಮಾಡಿದ್ದೆ!"

ಅವಳು ಜೀಕಿದಳು. ಮೇಲೆ ಹೋದಾಗ ಅವ್ವನ ಮನೆಯ ಮಾಳಿಗೆ ಕಾಣುತ್ತಿತ್ತು, ಕೆಳಗೆ ಬಂದಾಗ ಅವ್ವನೇ ಕಾಣುತ್ತಿದ್ದಳು. ನಾಲ್ಕು ದಿನವೂ ಮೊಬೈಲು ಬಡಿದುಕೊಳ್ಳಲಿಲ್ಲ.

ಓದುಗರೇ, ನಿಮ್ಮ ಆಫೀಸಿನಲ್ಲೂ ಒಬ್ಬ ದಾನಮ್ಮ ಇರಬಹುದು. ಎಲ್ಲರ ಕೆಲಸದ ಫೈಲನ್ನು ಎಲ್ಲರ ಡ್ರೈವಿನಲ್ಲಿಡಿ. ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ಮೊದಲೇ ನಿರ್ಧರಿಸಿ. ಹೊಸಬರೂ ಹುಡುಕಿ ತೆಗೆಯುವಂಥ ಹೆಸರಿಡಿ. ಮುಖ್ಯವಾದವುಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆಯೂ ಇಡಿ. ನಿಮ್ಮ ಜೊತೆ ಕೆಲಸ ಮಾಡುವವರು ಊರಿಗೆ ಹೊರಟಾಗ ನಿಶ್ಚಿಂತೆಯಿಂದ ಹೋಗಿ ಬರಲಿ.

ಇಂಟರ್ನೆಟ್ಟಿನಲ್ಲಿಟ್ಟ ಆ ಫೈಲುಗಳು ಯಾವ ದೇಶದ ಯಾವ ಯಂತ್ರದಲ್ಲಿ ಇರುತ್ತವೆ ಎಂದು ಕೇಳಿದರೆ ಉತ್ತರ ನಮಗೆ ಗೊತ್ತಿಲ್ಲ. ಆ ನಾಲ್ಕು ದಿನ ದಾನಮ್ಮ ಆಗಾಗ ಸೊಂಟದಿಂದ ಮೊಬೈಲು ತೆಗೆದು ಯಾಕೆ ನೋಡುತ್ತಿದ್ದಳು ಎಂಬುದೂ ಗೊತ್ತಿಲ್ಲ.