ಮೂರನೇ ಕೋಣೆಯ ಪ್ರಾರ್ಥನೆ

ರುಫೀನಾಳಿಗೆ ಆ ಅಧ್ಯಕ್ಷಗಿರಿ ಬೇಕಿತ್ತು. ಬೇಡವೇ ಬೇಡ ಎಂದು ಅವಳು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ಕೊರಿಯಾದ ಗುನ್ಸಾನ್ ಬಂದರಿನ ಹಿಂದಿನ ಗುಡ್ಡದ ಮೇಲೆ ಅವರ ಚರ್ಚು. ಅಲ್ಲಿ ಸತ್ತವರ ಸೇವೆಗೆಂದೇ ಒಂದು ಸಂಘವಿತ್ತು. ಯಾರದೇ ಮನೆಯಲ್ಲಿ ಸಾವಾಗಲಿ, ಸಂಘದವರು ಹೋಗಿ ಸತ್ತವರ ಫೋಟೋದ ಮುಂದೆ ಎರಡು ಸಾಲಾಗಿ ನೆಲದ ಮೇಲೆ ಕೂರುತ್ತಿದ್ದರು. ಎಡಗಡೆಯವರು ಒಂದು ಚರಣ, ಬಲಗಡೆಯವರು ಒಂದು ಚರಣ, ಹೀಗೆ ಹಳೆಯ ರಾಗದಲ್ಲಿ ಪ್ರಾರ್ಥನೆ ಹಾಡಿ, ಊಟ ಮಾಡಿ ಬರುತ್ತಿದ್ದರು. ಸಂಘ ಹುಟ್ಟಿದಾಗಿನಿಂದ ಗಂಡಸರೇ ಅಧ್ಯಕ್ಷರು. ಕೊನೆಯ ಅಧ್ಯಕ್ಷರು ನೆಲದ ಮೇಲೆ ಕೂತರೆ ಏಳಲಾಗುವುದಿಲ್ಲ ಎಂದು ಕೈಮುಗಿದ ಮೇಲೆ ಫಾದರ್ ಮೂನ್ ಅದನ್ನು ರುಫೀನಾಳ ತಲೆಗೆ ಕಟ್ಟಿದರು. ಪೂರ್ತಿಯಾಗಿ ಕಟ್ಟಲಿಲ್ಲ.

"ನವೆಂಬರ್ ಮುಗಿಯೋವರೆಗೆ ನೀವು ನೋಡ್ಕೊಳ್ಳಿ. ಕೊನೇ ಭಾನುವಾರ ನೂಡಲ್ಸ್ ಊಟದ ಹೊತ್ತಿಗೆ ಎಲ್ಲರ ಮುಂದೆ ಹೆಸರು ಹೇಳ್ತೀನಿ," ಎಂದರು. "ಪುಸ್ತಕ ಓದಕ್ಕೆ ಎಲ್ರಿಗೂ ಬರುತ್ತೆ. ಯಾವ ಸಾವಿನ ಮನೇಲಿ ಹೇಗೆ ನಡ್ಕೋಬೇಕು ಅನ್ನೋದು ಪುಸ್ತಕದಲ್ಲಿರಲ್ಲ. ಅದಕ್ಕೆ ದೇವರ ಹತ್ರ ಜ್ಞಾನ ಬೇಡ್ಕೊಳ್ಳಿ."

ರುಫೀನಾ ಬೇಡಿಕೊಂಡಳು. ಬೆಳಿಗ್ಗೆ ಎದ್ದ ಕೂಡಲೇ ಶಿಲುಬೆಯ ಮುಂದೆ ಕೂತು, ದೇವರೇ ಜ್ಞಾನ ಕೊಡು ಅನ್ನುವಳು. ಅದರ ಹಿಂದೆಯೇ, ಬಿಬಿಯಾನಾಳಿಗೆ ಒಂದು ಸಣ್ಣ ನೆಗಡಿಯನ್ನೂ ಕೊಡು ಅನ್ನುವಳು.

ಬಿಬಿಯಾನಾ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತಳಾದವಳು, ಅಧ್ಯಕ್ಷಗಿರಿಗೆ ಕೇಳಿಬರುತ್ತಿದ್ದ ಇನ್ನೊಂದು ಹೆಸರು. ರುಫೀನಾ ಜೀವಮಾನವೆಲ್ಲ ಮಾರುಕಟ್ಟೆಯಲ್ಲಿ ಒಣಮೀನು ಕೂಗಿ ಮಾರಿದವಳು. "ಅಕ್ಕನ ಗಂಟಲಿಗೆ ಸತ್ತವರೂ ಎದ್ದು ಕೂರ್ಬೇಕು, ಪುನರುತ್ಥಾನಕ್ಕೆ ಕಾಯೋದೇ ಬೇಡ," ಎಂದು ಬಿಬಿಯಾನಾ ನಾಲ್ಕು ಜನರ ಮುಂದೆ ಹೇಳುತ್ತಿದ್ದಳು. ರುಫೀನಾಳಿಗಿಂತ ಅವಳು ಚಿಕ್ಕವಳೇನೂ ಅಲ್ಲ. ಅಕ್ಕ ಅನ್ನುತ್ತಿದ್ದದ್ದು ಚುಚ್ಚುವುದಕ್ಕೇ.

ನವೆಂಬರ್ ನಡುವಿನಲ್ಲಿ ಮಾರ್ಥಾಳ ಮಾವ ತೀರಿಕೊಂಡ. ಮಾರ್ಥಾ ಭಾನುವಾರ ತಪ್ಪಿಸಿದವಳಲ್ಲ, ಅವಳ ಗಂಡನ ಮನೆಯವರು ಮಾತ್ರ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ಮುದುಕ ಸಾಯುವ ಮುಂಚೆ ಅದೇನನ್ನಿಸಿತೋ, ಸೊಸೆಯ ಕೈಹಿಡಿದು ಕ್ರೈಸ್ತನಾಗಲು ಜ್ಞಾನಸ್ನಾನ ಕೇಳಿದನಂತೆ. ಫಾದರ್ ಆಸ್ಪತ್ರೆಗೇ ಹೋಗಿ ಪೌಲ ಎಂದು ಹೆಸರಿಟ್ಟು ಬಂದಿದ್ದರು. ಹಾಗಾಗಿ ಸಂಘದಲ್ಲಿ ಯಾರೂ ಅವನ ಮುಖ ನೋಡಿರಲಿಲ್ಲ, ಅವನ ಮಗನ ಮುಖವನ್ನೂ ನೋಡಿರಲಿಲ್ಲ. ರುಫೀನಾ ಮುಂದಾಳಾಗಿ ಹೊರಟ ಮೊದಲ ಸಾವಿನ ಮನೆ ಅದು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಸತ್ತವರ ಫೋಟೋ ಇಟ್ಟು ಕೊನೆಯ ನಮಸ್ಕಾರಕ್ಕೆ ಬಂದವರನ್ನು ಮನೆಯವರು ಕಾಣುವ ಕೋಣೆಗಳು ಸಾಲಾಗಿದ್ದವು. ಬಿಬಿಯಾನಾ ಬಾಗಿಲಲ್ಲೇ ನಿಂತಳು. "ಅಕ್ಕಾ, ಕೌಂಟರಲ್ಲಿ ಒಂದು ಮಾತು ಕೇಳೋಣ."

"ಮೂರನೇ ಕೋಣೆ ಅಂತ ಮಾರ್ಥಾನೇ ಹೇಳಿದಾಳೆ. ಮೂರರವರೆಗೆ ಎಣಿಸಕ್ಕೆ ಮೀನು ಮಾರೋಳಿಗೂ ಬರುತ್ತೆ," ಎಂದು ರುಫೀನಾ ಮುಂದೆ ನಡೆದಳು. ಹೆಂಗಸರ ದಂಡು ಹಿಂದೆ ಬಂತು.

ಮೂರನೇ ಕೋಣೆಯಲ್ಲಿ ಕರಿ ಸೂಟು ತೊಟ್ಟ ಒಬ್ಬನೇ ಒಬ್ಬ ಗಂಡಸು ಗೋಡೆಗೊರಗಿ ಕೂತಿದ್ದ. ಇವರನ್ನು ಕಂಡದ್ದೇ ಗಡಬಡಿಸಿ ಎದ್ದ. ಹೂವಿನ ಚಕ್ರ ಒಂದೂ ಇರಲಿಲ್ಲ. ಊಟದ ಮೇಜುಗಳ ಮೇಲೆ ಹಾಸಿದ ಹಾಳೆ ಹಾಸಿದಂತೆಯೇ ಇತ್ತು.

"ಮಾರ್ಥಾ ಎಲ್ಲಪ್ಪ?" ಎಂದು ರುಫೀನಾ ಕೇಳಿದಳು.

ಅವನು ಬಾಯಿ ತೆರೆದ. ಏನೂ ಹೇಳಲಿಲ್ಲ.

"ಇರ್ಲಿ ಬಿಡು, ಅಡುಗೆಯವರ ಹತ್ರ ಇರ್ತಾಳೆ," ಎಂದು ತಾನೇ ಉತ್ತರ ಕೊಟ್ಟುಕೊಂಡು, ಚೀಲದಿಂದ ಶಿಲುಬೆ ತೆಗೆದು ಫೋಟೋದ ಮುಂದಿಟ್ಟು, ಮೇಣದಬತ್ತಿ ಹಚ್ಚಿ ಶುರುಮಾಡಿಯೇಬಿಟ್ಟಳು. ಅಂದು ಅವಳ ಗಂಟಲು ಚೆನ್ನಾಗಿತ್ತು. ಪೌಲನಿಗಾಗಿ ಬೇಡಿಕೊಳ್ಳಿ, ಪೌಲನಿಗಾಗಿ ಬೇಡಿಕೊಳ್ಳಿ ಎಂದು ಒಬ್ಬೊಬ್ಬ ಸಂತರನ್ನೂ ಕರೆಯುತ್ತ ಹೋದಳು. ಆ ಗಂಡಸು ಒಂದು ಮೂಲೆಯಲ್ಲಿ ಮಂಡಿಯೂರಿ ಕೂತು ಬಿಕ್ಕಿಬಿಕ್ಕಿ ಅಳುತ್ತಿದ್ದ.

ಅರ್ಧ ದಾಟಿತ್ತು. ಮಡಿಲಲ್ಲಿದ್ದ ಫೋನು ನಡುಗಿತು. ರುಫೀನಾ ಓರೆಗಣ್ಣಲ್ಲಿ ನೋಡಿದಳು. ಮಾರ್ಥಾಳ ಸಂದೇಶ. 'ಅಕ್ಕಾ ಎಲ್ಲಿದ್ದೀರಿ? ಮಾವನ ಕಡೆಯವರೆಲ್ಲ ಕಾಯ್ತಿದ್ದಾರೆ. ನಾವು ಮೇಲಿನ ಮಹಡಿ, ವಿಶೇಷ ಕೋಣೆ ಮೂರು.'

ಅವಳು ತಲೆಯೆತ್ತಿ ಫೋಟೋ ನೋಡಿದಳು. ಬಿಸಿಲಿಗೆ ಕಂದಿದ, ಸಿಡುಕು ಮೋರೆಯ ಒಬ್ಬ ಮುದುಕ ಅವಳನ್ನೇ ನೋಡುತ್ತಿದ್ದ. ಇವನು ಯಾರೋ, ಯಾವ ಊರೋ, ಯಾವ ದೇವರೋ! ನಿಲ್ಲಿಸಿ, ತಪ್ಪಾಯಿತು ಎಂದು ಹೇಳಿ ಏಳಬಹುದಿತ್ತು. ದಿನವೂ ಜ್ಞಾನ ಕೇಳುತ್ತಿದ್ದವಳಿಗೆ ಆ ಗಳಿಗೆಯಲ್ಲಿ ದೇವರ ನೆನಪೇ ಬರಲಿಲ್ಲ. ಬಂದದ್ದು ಬಿಬಿಯಾನಾಳ ನೆನಪು. ಕೌಂಟರಲ್ಲಿ ಕೇಳೋಣ ಅಂದಿದ್ದೆನಲ್ಲ ಅಕ್ಕಾ, ಎಂದು ಅವಳು ಊರಿಗೆಲ್ಲ ಹೇಳುವುದು ಕಿವಿಯಲ್ಲಿ ಕೇಳಿಸಿತು. ರುಫೀನಾ ಫೋನನ್ನು ಚೀಲಕ್ಕೆ ತುರುಕಿ, ಇನ್ನೂ ಗಟ್ಟಿಯಾಗಿ ಪೌಲನನ್ನು ಹಾಡಿ ಮುಗಿಸಿದಳು.

"ಊಟ ಮಾಡ್ಕೊಂಡು ಹೋಗಿ, ಸಾರು ಬಿಸಿಯಾಗಿದೆ," ಎಂದು ಆ ಗಂಡಸು ಬಾಗಿ ಬಾಗಿ ಕೇಳಿಕೊಂಡ.

"ಇಲ್ಲಪ್ಪ, ಇನ್ನೊಂದು ಮನೆಗೆ ಹೋಗೋದಿದೆ," ಎಂದು ಅವಳು ಎಲ್ಲರನ್ನೂ ಎಬ್ಬಿಸಿಕೊಂಡು ಹೊರಬಂದಳು.

"ಇನ್ನೊಂದು ಮನೆಯಾ? ಯಾವ್ದು?" ಬಿಬಿಯಾನಾ ಅಲ್ಲೇ ಹಿಡಿದುಕೊಂಡಳು.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. "ಮಾರ್ಥಾಳ ಮಾವ ಮೇಲಿದಾನೆ," ಎಂದಳು ರುಫೀನಾ. "ಇಲ್ಲಿ ನೋಡಿದ್ರಲ್ಲ, ಒಂದು ನರಪಿಳ್ಳೆ ಇಲ್ಲ. ಬಾಗಿಲಲ್ಲೇ ನನ್ನ ಕರುಳು ಚುರುಕ್ ಅಂತು. ಅಲ್ಲಿ ನೂರು ಜನ ಇದಾರೆ, ಮೊದಲು ಇವನಿಗೆ ಹಾಡೋಣ ಅಂತ ಒಳಗೆ ಹೋದೆ."

"ಮತ್ತೆ ಪೌಲ ಅಂದ್ರಿ?"

"ಹೆಸರು ಕೇಳ್ತಾ ಕೂತ್ರೆ ನಾವು ಗುರುತಿಲ್ಲದೋರು ಅಂತ ಆ ಮಗನಿಗೆ ಸಂಕಟ ಆಗಲ್ವಾ? ಯಾರಿಗೆ ಹಾಡಿದ್ದು ಅಂತ ದೇವರಿಗೆ ಗೊತ್ತಾಗಲ್ವಾ?"

ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳು ಕಣ್ಣೊರೆಸಿಕೊಂಡಳು. ಬಿಬಿಯಾನಾ ಪುಸ್ತಕ ಕಂಕುಳಿಗೆ ಸೇರಿಸಿ ಎಲ್ಲರಿಗಿಂತ ಮೊದಲು ಮೆಟ್ಟಿಲ ಕಡೆ ನಡೆದಳು. ಮೇಲೆ ಹೋದಾಗ ಮಾರ್ಥಾಳ ಮುಖ ಊದಿಕೊಂಡಿತ್ತು. ತಡವಾದ ಕಾರಣ ಕೇಳಿದ ಮೇಲೆ ಅವಳೂ ರುಫೀನಾಳ ಕೈಹಿಡಿದು ಅತ್ತಳು.

ಮುಂದಿನ ಭಾನುವಾರ ಫಾದರ್ ಮೂನ್ ಪ್ರವಚನದಲ್ಲಿ ಅದನ್ನೇ ಹೇಳಿದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಕೊರಳುಗಳೆಲ್ಲ ರುಫೀನಾಳ ಕಡೆಗೇ ತಿರುಗಿದ್ದವು. ಹೊರಗೆ ಬಿಬಿಯಾನಾ ಹತ್ತಿರ ಬಂದು, "ನನಗಾಗಿದ್ರೆ ಹೊಳೀತಾನೇ ಇರ್ಲಿಲ್ಲ ಅಕ್ಕಾ," ಎಂದಳು. ಈ ಸಲ ಆ ಅಕ್ಕನಲ್ಲಿ ಮುಳ್ಳಿರಲಿಲ್ಲ. ರುಫೀನಾಳಿಗೆ ಅದು ಬಿಸಿ ತುಪ್ಪವಾಯಿತು, ಉಗುಳಲೂ ಆಗದು, ನುಂಗಲೂ ಆಗದು. ನೆಗಡಿಯ ಪ್ರಾರ್ಥನೆ ಅವತ್ತಿಗೆ ನಿಂತಿತು. ಜ್ಞಾನದ್ದೂ ನಿಂತಿತು, ಯಾವ ಮುಖ ಇಟ್ಟುಕೊಂಡು ಕೇಳುವುದು?

ನವೆಂಬರಿನ ಕೊನೆಯ ಭಾನುವಾರ ಪೂಜೆ ಮುಗಿದು ಎಲ್ಲರೂ ನೂಡಲ್ಸಿಗೆ ಕೆಳಗಿನ ಸಭಾಂಗಣಕ್ಕೆ ಇಳಿದರು. ರುಫೀನಾ ಹೊಸ ಬಟ್ಟೆ ತೊಟ್ಟು ಬಂದಿದ್ದಳು. ಅಂಗಳ ದಾಟುವಾಗ ಮಾತೆಯ ಪ್ರತಿಮೆಯ ಹತ್ತಿರ ಕಿತ್ತಳೆಯ ಪೆಟ್ಟಿಗೆ ಹಿಡಿದು ನಿಂತಿದ್ದವನನ್ನು ಕಂಡು ಅವಳು ನಿಂತಳು. ಮೂರನೇ ಕೋಣೆಯವನು.

"ನಾನು ತಾಕ್ ಜೊಂಗ್‌ಹೋ ಅಂತ. ನಿಮ್ಮ ಪುಸ್ತಕದ ಮೇಲೆ ಈ ಚರ್ಚಿನ ಹೆಸರು ನೋಡಿದ್ದೆ. ಅವತ್ತು ಬಂದಿದ್ರಲ್ಲ, ಅಮ್ಮಾ..."

"ಅಯ್ಯೋ, ಇದೆಲ್ಲ ಯಾಕಪ್ಪ," ಎಂದಳು, ಪೆಟ್ಟಿಗೆಯ ಕಡೆ ನೋಡಿ.

"ಥ್ಯಾಂಕ್ಸ್ ಹೇಳಕ್ಕೆ ಬಂದಿದ್ದಲ್ಲ. ನಾನೊಂದು ತಪ್ಪು ಮಾಡಿದೀನಿ," ಎಂದ ಅವನು. ಪೆಟ್ಟಿಗೆಯನ್ನು ಕೆಳಗಿಡುವುದೂ ಅವನಿಗೆ ತೋಚಲಿಲ್ಲ. "ಮಾರ್ಥಾ ಎಲ್ಲಿ ಅಂತ ನೀವು ಕೇಳಿದಾಗಲೇ ಗೊತ್ತಾಯ್ತು, ಬೇರೆಯವರ ಕೋಣೆ ಅಂದ್ಕೊಂಡು ತಪ್ಪಿ ಬಂದಿದ್ದೀರಿ ಅಂತ. ನಮ್ಮಪ್ಪ ದೋಣಿಯವನು. ಕುಡಿದು ಕುಡಿದು ಊರೆಲ್ಲ ಜಗಳ ಕಟ್ಕೊಂಡಿದ್ದ. ಯಾರೂ ಬರಲಿಲ್ಲ. ಹಿಂದಿನ ದಿನದಿಂದ ಬಾಗಿಲನ್ನೇ ನೋಡ್ತಾ ಕೂತಿದ್ದೆ. ನಿಜ ಹೇಳಿದ್ರೆ ನೀವೂ ಎದ್ದು ಹೋಗ್ತೀರಿ ಅಂತ ಬಾಯಿ ಮುಚ್ಕೊಂಡೆ. ಯಾರೋ ಪೌಲ ಅನ್ನೋರಿಗೆ ಅಂತ ತಂದಿದ್ದನ್ನ ನಾನು ಕದ್ದೆ, ಅಮ್ಮ. ಅದು ನಮ್ಮಪ್ಪನಿಗೆ ಸೇರುತ್ತಾ? ರಾತ್ರಿಯೆಲ್ಲ ಇದೇ ಯೋಚನೆ ನನಗೆ."

ಕೆಳಗಿನಿಂದ ಯಾರೋ ಕೂಗಿದರು. "ರುಫೀನಾ ಅಕ್ಕಾ! ಫಾದರ್ ಕಾಯ್ತಿದ್ದಾರೆ!"

ಸುಲಭವಿತ್ತು. ನಾವು ಗೊತ್ತಿದ್ದೇ ಒಳಗೆ ಬಂದದ್ದು ಕಣಪ್ಪ, ನಿಮ್ಮಪ್ಪನಿಗೇ ಹಾಡಿದ್ದು ಎಂದರೆ ಆಗಿಹೋಗುತ್ತಿತ್ತು. ಅವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ, ಅವಳು ಕೆಳಗೆ ಹೋಗಿ ಅಧ್ಯಕ್ಷೆಯಾಗುತ್ತಿದ್ದಳು. ಯಾರಿಗೂ ನಷ್ಟವಿಲ್ಲ. ಮಾತು ತುದಿನಾಲಿಗೆಯಲ್ಲೇ ಇತ್ತು, ಹಿಂದೆ ಒಂದು ಸಲ ಹೇಳಿ ರೂಢಿಯೂ ಆಗಿತ್ತು. ಆದರೆ ಅವನು ಕಣ್ಣು ಕೀಳದೆ ಅವಳ ಬಾಯನ್ನೇ ನೋಡುತ್ತಿದ್ದ. ಇಷ್ಟು ನಂಬಿ ಕೇಳುವವನ ಮುಂದೆ ರುಫೀನಾಳಿಗೆ ನಾಚಿಕೆಯಾಯಿತು, ಮೈಯೆಲ್ಲ ಬೆವರುವಷ್ಟು ನಾಚಿಕೆ.

"ನೀನು ಕದ್ದಿಲ್ಲಪ್ಪ," ಎಂದಳು. "ಅರ್ಧದಲ್ಲೇ ನನಗೂ ಗೊತ್ತಾಯ್ತು. ಎದ್ದರೆ ನನ್ನ ಮರ್ಯಾದೆ ಹೋಗುತ್ತೆ ಅಂತ ಕೂತೆ. ನಿನ್ನ ಮೇಲಿನ ಕನಿಕರಕ್ಕಲ್ಲ."

ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. "ಹಾಗಾದ್ರೆ ಅಪ್ಪನಿಗೆ ಅಂತ ಯಾರೂ ಹಾಡ್ಲೇ ಇಲ್ಲ."

"ಇಲ್ಲ," ಎಂದಳು ರುಫೀನಾ. "ಯಾರೂ ಹಾಡಿಲ್ಲ. ಬಾ ನನ್ನ ಜೊತೆ."

ಅವನ ತೋಳು ಹಿಡಿದು ಮೆಟ್ಟಿಲಿಳಿಸಿದಳು. ಸಭಾಂಗಣದಲ್ಲಿ ಸೊರ್ರೆಂದು ನೂಡಲ್ಸ್ ಎಳೆಯುವ ಸದ್ದು. ಫಾದರ್ ಬಾಯೊರೆಸಿಕೊಂಡು ಎದ್ದು ನಿಂತಿದ್ದರು. ಅವಳನ್ನು ಕಂಡು ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

"ಸ್ವಲ್ಪ ತಡೀರಿ ಫಾದರ್," ಎಂದಳು. ಮಾರುಕಟ್ಟೆಯ ಗಂಟಲೇ ಅದು, ಮೂಲೆ ಮೂಲೆಗೂ ಕೇಳಿಸಿತು. "ಅವತ್ತು ಆಸ್ಪತ್ರೇಲಿ ನಾನು ಕೋಣೆ ತಪ್ಪಿ ಹೋದೆ. ಕೌಂಟರಲ್ಲಿ ಕೇಳು ಅಂತ ಬಿಬಿಯಾನಾ ಹೇಳಿದ್ಲು, ನಾನು ಕೇಳಲಿಲ್ಲ. ಗೊತ್ತಾದ ಮೇಲೂ ಅವಳು ನಗ್ತಾಳೆ ಅಂತ ನಿಲ್ಲಿಸಲಿಲ್ಲ. ಆಮೇಲೆ ನಿಮಗೆಲ್ಲ ಹೇಳಿದ್ದು ಸುಳ್ಳು. ಈ ಹುಡುಗನ ಅಪ್ಪನಿಗೆ ನಾವು ಹಾಡೇ ಇಲ್ಲ. ಅಧ್ಯಕ್ಷರು ಯಾರಾದ್ರೂ ಆಗಿ. ಈಗ ಪುಸ್ತಕ ತಗೊಂಡು ಏಳಿ."

ಯಾರದೋ ಚಾಪ್‌ಸ್ಟಿಕ್ ಕೆಳಗೆ ಬಿತ್ತು. ಮೊದಲು ಎದ್ದವಳು ಬಿಬಿಯಾನಾ.

"ನಗ್ತಿದ್ದೆ, ನಿಜ. ವರ್ಷಗಟ್ಟಲೆ ನಗ್ತಿದ್ದೆ," ಎಂದಳು. ಬಟ್ಟಲನ್ನು ಪಕ್ಕಕ್ಕೆ ಸರಿಸಿ ಜೊಂಗ್‌ಹೋನ ಕಡೆ ತಿರುಗಿದಳು. "ಅಪ್ಪನ ಹೆಸರು ಹೇಳಪ್ಪ. ಸರಿಯಾಗಿ ಹೇಳು."

ಅವನು ಹೇಳಿದ. ಮೇಜುಗಳನ್ನು ಗೋಡೆಗೆ ಸರಿಸಿ ಎಲ್ಲರೂ ಎರಡು ಸಾಲಾಗಿ ಕೂತರು. ಫೋಟೋ ಇರಲಿಲ್ಲ, ಮಗನನ್ನೇ ಮುಂದೆ ಕೂರಿಸಿಕೊಂಡರು. ಮುಂದಾಳಾಗಿ ಹಾಡಿದವಳು ಬಿಬಿಯಾನಾ. ರುಫೀನಾ ಎಡಸಾಲಿನ ಕೊನೆಯಲ್ಲಿ ಕೂತು ದನಿಗೂಡಿಸಿದಳು.

ಹಾಡು ಮುಗಿದ ಮೇಲೆ ಫಾದರ್ ಮೂನ್ ಹೆಚ್ಚು ಮಾತಾಡದೆ ಅಧ್ಯಕ್ಷೆ ಬಿಬಿಯಾನಾ ಎಂದರು. ರುಫೀನಾಳ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು? ತಣ್ಣಗಾದ ನೂಡಲ್ಸ್ ಬಿಸಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ನಿಂತು ಮೂಗು ಒರೆಸಿಕೊಂಡಳು. ಜೊಂಗ್‌ಹೋ ಅಲ್ಲಿಗೂ ಹುಡುಕಿಕೊಂಡು ಬಂದ.

"ಅಮ್ಮಾ, ಈ ಸಲ ನಮ್ಮಪ್ಪನಿಗೇ ಅಲ್ವಾ?"

"ನಿಮ್ಮಪ್ಪನಿಗೇ ಕಣಪ್ಪ," ಎಂದಳು ರುಫೀನಾ. "ಬೇರೆ ಯಾರಿಗೂ ಅಲ್ಲ."