ಕುಲುಮೆ ಕಂಡ ಸೈಕಲ್

"ದಾರ ಎರಡೂ ಕಡೆ ಸಮ ಐತಿ," ಎಂದ ಫಕ್ರುಸಾಬ.

ಬೆಟಗೇರಿಯಲ್ಲಿ ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತ ಬಂದ ಅವನಿಗೆ ತನ್ನ ಕಣ್ಣಿಗಿಂತ ದಾರದ ಮೇಲೆಯೇ ನಂಬಿಕೆ. ಗಾಲಿ ಬಿಚ್ಚಿದ ಫ್ರೇಮಿನ ಹಿಂತುದಿಯಿಂದ ಮುಂದಿನ ಪೈಪನ್ನು ಸುತ್ತಿಸಿ ಮತ್ತೆ ಹಿಂದಕ್ಕೆ ದಾರ ಬಿಗಿದಿದ್ದ. ಸೀಟಿನ ಪೈಪಿಗೂ ದಾರಕ್ಕೂ ನಡುವಿನ ಸಂದು ಎಡಬಲ ಒಂದೇ ಇತ್ತು; ಅಂದರೆ ಫ್ರೇಮು ನೆಟ್ಟಗಿತ್ತು.

ಹರ್ತಿಯ ದೇವೇಂದ್ರಪ್ಪ ಉಸಿರು ಬಿಟ್ಟ. ಹರೆಯದಲ್ಲಿ ಅವನೇ ರೇಸ್ ಹೊಡೆದ ಸೈಕಲ್ ಅದು. ಈಗ ಮಗಳು ಸ್ನೇಹಾ ಹೊಡೆಯುತ್ತಿದ್ದಳು. ಐದು ದಿನದ ಹಿಂದೆ ಮುಂಡರಗಿ ರಸ್ತೆಯಲ್ಲಿ ಎಮ್ಮೆಗೆ ಡಿಕ್ಕಿ ಹೊಡೆದು ಬಿದ್ದಿದ್ದಳು. ಎಮ್ಮೆಗೆ ಏನೂ ಆಗಲಿಲ್ಲ. ಅವಳು ದವಾಖಾನೆಯಲ್ಲಿದ್ದಾಗ ಸೈಕಲನ್ನು ಊರಿಗೆ ಒಯ್ದ ಅಪ್ಪ, ತರಚಿದಲ್ಲಿ ಬಣ್ಣ ಹಚ್ಚಿದ್ದೇನೆ, ಬೇರೇನೂ ಆಗಿಲ್ಲ ಎಂದಿದ್ದ. ರವಿವಾರ ಜಿಲ್ಲಾ ತಂಡದ ಆಯ್ಕೆ. ಆದರೂ ಫಕ್ರುಸಾಬನಿಗೆ ತೋರಿಸದೆ ಹತ್ತುವುದಿಲ್ಲ ಎಂದು ಸ್ನೇಹಾ ಹಟ ಹಿಡಿದಿದ್ದಳು.

"ಬಾರವಾ, ಮೊಣಕಾಲಿಗೆ ಎಣ್ಣಿ ಅರಿಷಿಣ ಹಚ್ಚತೀನಿ," ಎಂದು ಫಕ್ರುಸಾಬನ ಹೆಂಡತಿ ಹಾಜಿರಾಬಿ ಅವಳನ್ನು ಒಳಗೆ ಕರೆದಳು.

ಫಕ್ರುಸಾಬ ಕೆಳಗಿನ ಪೈಪಿನ ಅಡಿಯಲ್ಲಿ ಉಗುರು ಎಳೆದ. ಒಂದು ಕಡೆ ಉಗುರು ತಡೆಯಿತು. ಬ್ಲೇಡಿನಿಂದ ಹೊಸ ಬಣ್ಣ ಕೆರೆದ. ಕೆಳಗೆ ಉಕ್ಕು ನೀಲಿಗಟ್ಟಿತ್ತು, ಸುತ್ತಿಗೆಯ ಪೆಟ್ಟುಗಳಿದ್ದವು.

"ಇದನ್ನ ಕುಲುಮಿಗೆ ಹಾಕಿಸೀರೇನು?"

ದೇವೇಂದ್ರಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸೊಟ್ಟ ಆಗಿತ್ರಿ. ನಮ್ಮೂರ ಕಮ್ಮಾರ ನೇಗಲಾನ ಕಾಸಿ ನೆಟ್ಟಗ ಮಾಡತಾನ, ಇದೇನ್ ದೊಡ್ಡದು ಅಂದ್ಕೊಂಡೆ. ಆಕಿ ನೋಡೂದ್ರಾಗ ಸರಿ ಆಗಲಿ ಅಂತ."

"ಹಂಗ ತಂದಿದ್ರ ತಣ್ಣಗ ಎಳದು ಸರಿ ಮಾಡತಿದ್ದೆ. ತೆಳ್ಳನ ಪೈಪ್ರೀ ಇದು, ಬೆಂಕಿಗೆ ಸತ್ವಾ ಹೋಗೇತಿ. ಇಳಿಜಾರಿನ್ಯಾಗ ಮುರದ್ರ ಹುಡುಗಿ ಉಳಿಯೂದಿಲ್ಲ."

"ಬಿದ್ದದ್ದಕ್ಕ ಹೋತು ಅನ್ರಿ ಆಕಿಗೆ. ನಿಮ್ಮ ಕಾಲಿಗೆ ಬೀಳತೀನಿ."

ಸ್ನೇಹಾ ಹೊರಗೆ ಬಂದಳು. ಫಕ್ರುಸಾಬ ದಾರ ಸುತ್ತುತ್ತ, ಅವಳ ಮುಖ ನೋಡದೆ, "ಇದನ್ನ ಹತ್ತಬ್ಯಾಡವಾ. ಬಿದ್ದ ಹೊಡತಕ್ಕ ಒಳಗ ಹಾಳಾಗೇತಿ," ಎಂದ. ಸುಳ್ಳು ಹೇಳಿ ರೂಢಿಯಿಲ್ಲದ ಬಾಯಿ ಅವನದು.

ಅವಳು ರವಿವಾರದ ಮಾತೇ ಎತ್ತಲಿಲ್ಲ. "ಅಪ್ಪಾ, ನಿನ್ನ ಸೈಕಲ್ ನಾನ ಕೆಡಿಸಿದೆ. ತಪ್ಪಾತಪಾ," ಎಂದಳು.

ಆ ಮಾತನ್ನು ಕೇಳಿಕೊಂಡು ಸುಮ್ಮನಿರುವುದು ದೇವೇಂದ್ರಪ್ಪನಿಂದ ಆಗಲಿಲ್ಲ.

"ನೀ ಅಲ್ಲವಾ. ನಾ ಕುಲುಮ್ಯಾಗ ಸುಡಿಸಿದೆ."

ಎಲ್ಲವನ್ನೂ ಹೇಳಿದ. ಸ್ನೇಹಾ ಕೆರೆದ ಜಾಗವನ್ನೇ ನೋಡುತ್ತಿದ್ದಳು. "ನನ್ನ ಒಂದ ಮಾತು ಕೇಳಬೇಕಿತ್ತಲ್ಲ," ಎಂದಾಗ ಸಿಟ್ಟಿಗೆ ಕಣ್ಣು ತುಂಬಿದವು.

ಫಕ್ರುಸಾಬ ಗೋಡೆಯ ಮೊಳೆಯಿಂದ ತುಕ್ಕು ಹಿಡಿದ ಫ್ರೇಮೊಂದನ್ನು ಇಳಿಸಿದ. "ಎರಡು ಕಿಲೋ ಭಾರ ಜಾಸ್ತಿ. ಗೆಲ್ಲತೀ ಅಂತ ನಾ ಹೇಳೂದಿಲ್ಲ. ಆದ್ರ ಮುರಿಯೂದಿಲ್ಲ."

"ಇದರ ಸಾಮಾನು ಅದಕ್ಕ ಕೂಡತಾವೇನ್ರಿ ಚಾಚಾ?"

"ಸಂಜಿತನಕ ಕುಂತ್ರ ಕೂಡಸಬೌದು."

ಅವಳು ಮೂಗು ಒರೆಸಿಕೊಂಡು ಪಾನಾ ಇಸಿದುಕೊಂಡಳು, ತನ್ನ ಸೈಕಲ್ಲಿನ ಪೆಡಲಿನ ನಟ್ಟಿಗೆ ಹಾಕಿ ಜಗ್ಗಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ದೇವೇಂದ್ರಪ್ಪ ಹತ್ತಿರ ಬರಲಾರದೆ ಹೊಸ್ತಿಲ ಬಳಿಯೇ ನಿಂತಿದ್ದ.

"ಅಲ್ಯಾಕ ನಿಂತೀಪಾ?" ತಲೆ ಎತ್ತದೆ ಎಂದಳು. "ಬಂದು ಆ ಕಡೆ ಗಟ್ಟಿ ಹಿಡಿ."